ವಳಸಂಗದ ದಾರಿಯಲ್ಲಿ ಕುದಿಯುತ್ತಿದ್ದ ಗಾಡಿ

ರೇಡಿಯೇಟರಿನೊಳಗೆ ಗಡಸು ನೀರಿನ ಸುಣ್ಣ ಕಟ್ಟಿರಬಹುದು. ಮುಂದಿನ ಜಾಲರಿಗೆ ಜೋಳದ ಹೊಟ್ಟು ಮೆತ್ತಿಕೊಂಡಿರಬಹುದು. ಫ್ಯಾನ್ ಬೆಲ್ಟು ಸಡಿಲಾಗಿರಬಹುದು, ಸಡಿಲಾಗಿಲ್ಲವೆಂದರೆ ನಾಳೆ ಹರಿಯುವ ಹವಣಿಕೆಯಲ್ಲಿರಬಹುದು. ನೀರು ತಿರುಗಿಸುವ ಪಂಪಿನ ರೆಕ್ಕೆ ಸವೆದಿರಬಹುದು. ಕೆಳಗಿನ ರಬ್ಬರ್ ಪೈಪು ಒಳಗೊಳಗೇ ಮುದುಡಿ ನೀರಿನ ದಾರಿ ಕಟ್ಟಿರಬಹುದು. ಎಂಜಿನ್ ಕಾದಾಗ ತೆರೆದುಕೊಂಡು ನೀರು ಬಿಡಬೇಕಾದ ಥರ್ಮೋಸ್ಟಾಟು ಮುನಿಸಿಕೊಂಡು ಮುಚ್ಚಿಯೇ ಕುಳಿತಿರಬಹುದು. ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು. ಹೆಡ್ಡೇ ಬಿರುಕು ಬಿಟ್ಟಿರಬಹುದು, ಹಾಗಾಗಿದ್ದರೆ ಗಾಡಿ ಗುಜರಿಗೆ.

ಇದಿಷ್ಟನ್ನೂ ನಾನು ಹಳೆಯ ಡೈರಿಯೊಂದರಲ್ಲಿ ನಂಬರು ಹಾಕಿ ಬರೆದಿಟ್ಟುಕೊಂಡಿದ್ದೆ. ಒಂಬತ್ತನೆಯ ನಂಬರಿನ ಮುಂದೆ ಏನೂ ಇರಲಿಲ್ಲ. ನನಗಿನ್ನೂ ಹೊಳೆಯದ ದೋಷಕ್ಕೆಂದು ಜಾಗ ಬಿಟ್ಟಿದ್ದೆ. ಆಗ ನನಗೆ ಇಪ್ಪತ್ತೇಳು ವರ್ಷ, ಚಿಂತೆಗೆ ಮಾತ್ರ ಎಪ್ಪತ್ತು. ಈಗ ಐವತ್ತು ದಾಟಿದ್ದೇನೆ. ಎರಡರ ನಡುವಿನ ಅಂತರ ಕಡಿಮೆಯಾಗಿದೆ, ಅಷ್ಟೆ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ಸೊಲ್ಲಾಪುರದಲ್ಲಿ ನಮ್ಮದು ದನದ ಹಿಂಡಿ, ಕಾಳುಕಡಿಯ ವ್ಯಾಪಾರ. ಅಣ್ಣ ಅಂಗಡಿ ನೋಡಿಕೊಳ್ಳುತ್ತಿದ್ದ. ಅಪ್ಪ ಯಾವುದೋ ಹರಾಜಿನಲ್ಲಿ ಕೊಂಡಿದ್ದ, ಮೂತಿ ಮುಂದೆ ಚಾಚಿದ ಮುದಿ ಟ್ರಕ್ಕು ನನ್ನ ಪಾಲಿಗೆ ಬಂದಿತ್ತು. ವಾರಕ್ಕೆ ನಾಲ್ಕೈದು ಸಲ ಹಿಂಡಿ ಚೀಲ ಹೇರಿಕೊಂಡು ಅಕ್ಕಲಕೋಟೆಗೆ ಹೋಗಬೇಕು, ಇಳಿಸಿ, ಮುಂದೆ ನಾಗಣಸೂರಿನಿಂದ ತೊಗರಿ ತರಬೇಕು. ಆ ಬೇಸಿಗೆಯಲ್ಲಿ ವಳಸಂಗ ಬರುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಏಳತೊಡಗಿತು.

ವಿಚಿತ್ರವೆಂದರೆ, ಒಮ್ಮೆ ಕುದಿದು, ಆರಿಸಿ, ನೀರು ತುಂಬಿದ ಮೇಲೆ ನಾಗಣಸೂರಿಗೆ ಹೋಗಿ ಬರುವವರೆಗೂ ಗಾಡಿ ತೆಪ್ಪಗಿರುತ್ತಿತ್ತು. ಬೇರೆಯವರಿಗೆ ಇದು ಸಮಾಧಾನ ತರುತ್ತಿತ್ತೇನೋ. ನನಗೋ, ಡಾಕ್ಟರನ್ನು ಕಂಡೊಡನೆ ಅಡಗುವ ಜ್ವರವೇ ಹೆಚ್ಚು ಭಯದ್ದು.

ಮೂರನೆಯ ಸಲ ಕುದಿದಾಗ ಅಣ್ಣ ಡ್ರೈವರನನ್ನು ಅಂಗಡಿಗೆ ಕರೆಸಿದ. ಅಪ್ಪನ ಕಾಲದಿಂದ ಆ ಗಾಡಿಯನ್ನೇ ಓಡಿಸಿಕೊಂಡು ಬಂದಿದ್ದ, ಐವತ್ತೆಂಟು ದಾಟಿದ ಆತನನ್ನು ನಾನು ಮಾಮಾ ಎಂದೇ ಕರೆಯುತ್ತಿದ್ದೆ.

"ನೀರು ನೋಡೂದು ಡ್ರಾಯವರನ ಕೆಲಸ ಅದನೋ ಇಲ್ಲೋ?" ಅಣ್ಣ ಕೇಳಿದ.

"ಐತ್ರಿ ಮಾಲಕ್ರ. ದಿನಾ ಕಂಠಮಟ ತುಂಬಿರ್ತೀನಿ."

"ಹಂಗಾರ ಎಲ್ಲಿ ಹೋಗ್ತದ? ಗಾಡಿ ಕುಡೀತದ? ಇನ್ನೊಂದ್ ಸಲ ರಸ್ತಾದಾಗ ಕುದ್ದರ ಗಾಡಿ ಮಾರ್ತೀನಿ. ನೀನೂ ಮನ್ಯಾಗ ಅರಾಮ ಕುಂದ್ರು."

ಮಾಮಾ ಹೆಗಲ ಮೇಲಿನ ಟಾವೆಲ್ಲನ್ನು ತೆಗೆದು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. ಆ ಮೂತಿಯ ಗಾಡಿಯೊಂದನ್ನು ಬಿಟ್ಟರೆ ಬೇರೊಂದು ಓಡಿಸಿ ಗೊತ್ತಿಲ್ಲದವನಿಗೆ ಆ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ? ಹೊರಗೆ ಬಂದಾಗ ನನಗೇ ಸಮಾಧಾನ ಹೇಳಿದ: "ನೀವು ಕಾಳಜಿ ಮಾಡಬ್ಯಾಡ್ರಿ ಸಣ್ಣ ಮಾಲಕ್ರ. ನಿಮ್ಮ ಮಾರಿ ನೋಡಿದ್ರ ಕೆಲಸ ನಿಮ್ದ ಹೋದಂಗ ಕಾಣ್ತದ."

ಅಕ್ಕಲಕೋಟೆ ರಸ್ತೆಯ ಮಿಸ್ತ್ರಿಯ ಗ್ಯಾರೇಜಿಗೆ ಡೈರಿ ಹಿಡಿದುಕೊಂಡು ಹೋದೆ. ಮಿಸ್ತ್ರಿ ಅದನ್ನು ಪೂರ್ತಿ ಓದಿ, "ಎಲ್ಲಾ ನೀವ ಬರ್ದೀರಿ, ನನಗ ಏನ್ ಉಳಿಸೀರಿ?" ಎಂದ. ಆದರೂ ಒಂದೊಂದನ್ನೇ ನೋಡಿದ. ಸೋಡಾ ಹಾಕಿದ ಬಿಸಿನೀರಿನಿಂದ ರೇಡಿಯೇಟರ್ ತೊಳೆದ, ಬೆಲ್ಟು ಬಿಗಿದ, ಕೆಳಗಿನ ಪೈಪು ಬದಲಿಸಿದ. ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ ಪಕ್ಕದ ಚಹಾದಂಗಡಿಯ ಕುದಿಯುವ ನೀರಿನ ಪಾತೇಲಿಯಲ್ಲಿ ಇಳಿಬಿಟ್ಟ. ಅದು ನಿಧಾನವಾಗಿ ಬಾಯಿ ತೆರೆಯಿತು. ಚಹಾದವನು ಆ ನೀರು ಚೆಲ್ಲಿದನೋ ಇಲ್ಲವೋ ಎಂಬುದು ನನಗೆ ಹೊಸ ಚಿಂತೆಯಾಯಿತು. ಮಿಸ್ತ್ರಿ ಕೆಲಸ ಮಾಡಿದ ಎರಡು ದಿನವೂ ನಾನು ಕುಳಿತದ್ದಿಲ್ಲ. ಸ್ಟೂಲು ಕೊಟ್ಟರೂ ಅದರ ಸುತ್ತ ತಿರುಗುತ್ತಿದ್ದೆ.

ಕೊನೆಗೆ ಚೀಲಗಳ ಸಮೇತ ಮಿಸ್ತ್ರಿಯೇ ಗಾಡಿಯನ್ನು ವಳಸಂಗ ದಾಟಿಸಿ ತಂದ. ಸುಡುಬಿಸಿಲಿನ ಮಧ್ಯಾಹ್ನ, ಒಂದು ಎಳೆ ಹಬೆಯಿಲ್ಲ. ಮರುದಿನ ಬೆಳಿಗ್ಗೆ ಮನೆಯಿಂದ ಹೊರಟೆವು. ಅರ್ಧ ದಾರಿಗೇ ಮೂಗಿಗೆ ಕುದಿನೀರಿನ ವಾಸನೆ ಬಡಿಯಿತು.

ಮಾಮಾ ಬ್ರೇಕು ಹಾಕಿ ಗಾಡಿಯನ್ನು ಬದಿಗೆ ನಿಲ್ಲಿಸಿದ. "ಇದನ್ನ ಅಣ್ಣಾಗ ಹೇಳಬೇಕಾಗ್ತದ" ಎಂದೆ. "ಹೇಳ್ರಿ" ಎಂದ. ನಾನು ಹೇಳಲಿಲ್ಲ. ಸಂಜೆ ನೆಟ್ಟಗೆ ಗ್ಯಾರೇಜಿಗೆ ಹೋದೆ.

ಮಿಸ್ತ್ರಿ ಬೀಡಿ ಹಚ್ಚಿದ. "ನನ್ನ ಕೈಯಾಗ ಕುದಿಯಂಗಿಲ್ಲ, ನಿಮ್ಮ ಮನಿಯಿಂದ ಹೊಂಟ್ರ ಕುದೀತೈತಿ. ನಾಳೆ ಮುಂಜಾನಿ ನಾ ಬರ್ತೀನಿ. ದಿನಾ ಹ್ಯಾಂಗ ಹೊಂಡ್ತೀರೋ ಹಂಗ ಹೊಂಡ್ರಿ. ಒಂದೂ ಬಿಡಬ್ಯಾಡ್ರಿ."

ಬೆಳಿಗ್ಗೆ ಅವನು ಬಂದು ನಮ್ಮ ಕಟ್ಟೆಯ ಮೇಲೆ ಕುಳಿತ. ಮಾಮಾ ಟೈರುಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಿದ, ರೇಡಿಯೇಟರಿಗೆ ನೀರು ತುಂಬಿದ, ಮುಚ್ಚಳ ಹಾಕಿದ. ಆಮೇಲೆ ನನ್ನ ಸರದಿ. ಅವ್ವ ಒಳಗಿನಿಂದ ಗಿಂಡಿ ತಂದಳು. ಅದರಲ್ಲಿ ಪಂಢರಪುರದಿಂದ ತಂದ ಚಂದ್ರಭಾಗೆಯ ನೀರು, ಮೇಲೆ ಅವತ್ತೇ ಕಿತ್ತ ತುಳಸಿ. ಗಾಡಿ ಇನ್ನೂ ಒಮ್ಮೆಯೂ ಕುದಿಯದಿದ್ದಾಗ, ಬಿಸಿ ತೋರಿಸುವ ಮೀಟರಿನ ಮುಳ್ಳು ಮೊದಲ ಸಲ ಕೆಂಪಿನ ಹತ್ತಿರ ಹೋದಂದಿನಿಂದ ನಾನು ಹಿಡಿದ ನೇಮ ಅದು. ಮುಚ್ಚಳ ತೆಗೆದು, ಒಂದು ಗುಟುಕು ತೀರ್ಥವನ್ನು ರೇಡಿಯೇಟರಿಗೆ ಹಾಕಿ, ಕಣ್ಣು ಮುಚ್ಚಿ, ಹಾಗೆಯೇ ಮುಚ್ಚಳ ತಿರುವಿದೆ. ಮಾಮಾನೂ ಕಣ್ಣು ಮುಚ್ಚಿ ಕೈಮುಗಿದಿದ್ದ.

"ಮುಗೀತೇನ್ರಿ?" ಎನ್ನುತ್ತ ಮಿಸ್ತ್ರಿ ಎದ್ದು ಬಂದ. "ಈ ಪೂಜಾ ಪಟ್ಟಿಯಾಗ ಬರ್ದಿದ್ದಿಲ್ಲಲ್ರಿ."

"ಅದು ದೋಷ ಅಲ್ಲಲ್ಲ."

ಅವನು ಮುಚ್ಚಳ ತೆಗೆದು, ಒಳಗಿನ ರಬ್ಬರಿನ ಮೇಲೆ ಉಗುರು ಆಡಿಸಿದ. ಅಲ್ಲೊಂದು ಕೂದಲೆಳೆಯಂಥ ಗೀರು ಮೂಡಿತ್ತು. "ಇಲ್ಲಿ ಕಸ ಸಿಕ್ಕು ಮುಚ್ಚಳ ಬರೋಬರಿ ಕೂತಿಲ್ರಿ. ಬಿಸಿಯಾದಂಗ ನೀರು ಈ ಸಂದ್ಯಾಗಿಂದ ಹೊರಗ ಹೊಂಡ್ತೈತಿ. ಕುದ್ದ ಮ್ಯಾಲ ನೀವು ಮುಚ್ಚಳ ತೆಗೀತೀರಿ, ಹಬಿ ಕೂಡ ಕಸ ಹಾರಿ ಹೋಗ್ತೈತಿ, ಮುಂದ ಗಾಡಿ ಸುಮ್ಮ." ರೇಡಿಯೇಟರಿನ ಬಾಯಂಚಿನಿಂದ ಏನನ್ನೋ ಚಿವುಟಿ ತೆಗೆದು ಮುಷ್ಟಿ ಮುಚ್ಚಿಕೊಂಡ.

ಅಷ್ಟರಲ್ಲಿ ಅಣ್ಣ ಬಾಗಿಲಿಗೆ ಬಂದ. "ಮಿಸ್ತ್ರಿ ಯಾಕ ಬಂದಾನ? ಮತ್ತ ಕುದ್ದದೇನು?"

ಮಾಮಾನ ಕೈ ಹೆಗಲ ಟಾವೆಲ್ಲಿಗೆ ಹೋಯಿತು. ಮಿಸ್ತ್ರಿ ಮುಷ್ಟಿ ಬಿಚ್ಚಲಿಲ್ಲ, ನನ್ನ ಕಡೆ ನೋಡಿದ. ಹೆಡ್ ಗ್ಯಾಸ್ಕೆಟ್ ಎಂದುಬಿಡಲೇ ಎಂಬ ಯೋಚನೆ ಬರಲಿಲ್ಲವೆಂದರೆ ಸುಳ್ಳಾದೀತು.

"ಕುದ್ದದ ಅಣ್ಣಾ, ನಿನ್ನಿನೂ ಕುದ್ದದ. ತಪ್ಪು ನಂದು. ಮಾಮಾ ಬರೋಬರಿ ಮುಚ್ಚಿದ್ದ ಮುಚ್ಚಳ ನಾ ತೆಗೀತಿದ್ದೆ."

"ನೀ ಯಾಕ ತೆಗೀತಿದ್ದಿ?"

"ಕುದೀಬಾರದು ಅಂತ."

ಅಣ್ಣ ನನ್ನನ್ನು ನೋಡಿದ, ಗಿಂಡಿ ಹಿಡಿದು ನಿಂತ ಅವ್ವನನ್ನು ನೋಡಿದ. ಆಮೇಲೆ ಮಾಮಾನ ಕಡೆ ತಿರುಗಿ, "ಹೊತ್ತಾತು, ಹೊಂಡು" ಎಂದ. ಮಾಮಾ ಟಾವೆಲ್ಲನ್ನು ತಲೆಗೆ ಸುತ್ತಿಕೊಂಡು ಗಾಡಿ ಹತ್ತಿದ.

ಆಗ ಮಿಸ್ತ್ರಿ ನನ್ನ ಅಂಗೈ ಹಿಡಿದು ಅದರಲ್ಲಿ ತನ್ನ ಮುಷ್ಟಿ ಬಿಚ್ಚಿದ. ಬೆಂಕಿಕಡ್ಡಿಗಿಂತ ಸಣ್ಣದು, ಒತ್ತಿ ಚಪ್ಪಟೆಯಾದ ಒಂದು ತುಳಸಿಯ ದಂಟು.