ಇಸ್ತ್ರಿ ಅಂಗಡಿಯ ಅರ್ಧ ಇಟ್ಟಿಗೆ

ಅರ್ಧ ಇಟ್ಟಿಗೆ, ಮುರಿದ ಬದಿ ಇನ್ನೂ ಒರಟು, ಉಳಿದ ಅಂಚುಗಳು ಮಾತ್ರ ಪಾದ ತಾಗಿ ತಾಗಿ ಬಳಸಿದ ಸಾಬೂನಿನಂತೆ ದುಂಡಗಾಗಿವೆ. ನನ್ನ ಪೇಟಿ, ಅಂದರೆ ಹಾರ್ಮೋನಿಯಂ, ಇರುವ ಮೇಜಿನ ಕೆಳಗೆ ಅದನ್ನು ಕಂಡವರು ಮೇಜಿನ ಒಂದು ಕಾಲು ಗಿಡ್ಡವಿರಬೇಕೆಂದು ಊಹಿಸುತ್ತಾರೆ. ನಾನು ತಿದ್ದುವುದಿಲ್ಲ. ಅದು ಮೇಜಿನ ಕಾಲಿಗಲ್ಲ, ನನ್ನ ಕಾಲಿಗೆ ಎಂದರೆ ಜ್ವರದಿಂದ ಹಿಡಿದು ಎಲ್ಲವನ್ನೂ ಹೇಳಬೇಕಾಗುತ್ತದೆ. ಮೈಯ ಸುದ್ದಿಯನ್ನು ಮಂದಿಗೆ ಒಪ್ಪಿಸುವುದು ನನ್ನ ಸ್ವಭಾವವಲ್ಲ. ನಿಮಗಾದರೆ ಹೇಳಬಹುದು. ನೀವು ಓದುತ್ತೀರಿ, ಮುಖ ನೋಡುವುದಿಲ್ಲ.

ಧಾರವಾಡದಲ್ಲಿ ಎಂ.ಎ. ಮುಗಿಸಿ, ಎಪ್ಪತ್ತರ ದಶಕದ ಕೊನೆಗೆ ದೇವದುರ್ಗದ ಒಂದು ಶಾಲೆಯಲ್ಲಿ ಕೆಲಸಕ್ಕೆ ಸೇರಿದಾಗ, ನನಗೆ ಪೇಟಿ ಕಲಿಸಿದವರು ನಾಟಕ ಕಂಪನಿಯಲ್ಲಿ ಆಯುಷ್ಯ ಕಳೆದು ಮನೆ ಸೇರಿದ್ದ ವೃದ್ಧ ಮಾಸ್ತರರು. ಮೊದಲ ತಿಂಗಳು ಅವರು ಸ್ವರ ಕಲಿಸಲಿಲ್ಲ; ಕೂರುವುದನ್ನು ಕಲಿಸಿದರು. “ಪೇಟಿ ಮುಂದ ಕುಂತ ಮ್ಯಾಲೆ ಕಲ್ಲಾಗಬೇಕವ್ವಾ. ಬೆರಳಷ್ಟ ಆಡಬೇಕು, ನೀ ಆಡಬಾರದು” ಎನ್ನುತ್ತಿದ್ದರು. ನಾನು ಕಲ್ಲಾದೆ. ಹೇಳಿದ್ದನ್ನು ಹೇಳಿದಷ್ಟೇ ಮಾಡುವ ವಿದ್ಯಾರ್ಥಿನಿ ನಾನು; ನನ್ನ ಗುಣವೂ ಅದೇ, ದೋಷವೂ ಅದೇ.

ರಾಯಚೂರಿಗೆ ವರ್ಗವಾಗಿ ಬಂದ ಎರಡನೆಯ ವರ್ಷ ಒಂದು ದೀರ್ಘ ಜ್ವರ ಬಂದು, ಹೋಗುವಾಗ ನನ್ನ ಮೊಣಕಾಲುಗಳಲ್ಲಿ ಏನನ್ನೋ ಮರೆತು ಹೋಯಿತು. ಚಕ್ಕಳಮಕ್ಕಳ ಹಾಕಿ ಅರ್ಧ ತಾಸು ಕೂತರೆ, ಏಳಲು ಗೋಡೆ ಬೇಕು. ಕುರ್ಚಿಯ ಮೇಲೆ ಕೂತರೂ ಮಡಚಿದ ಕಾಲು ಮಡಚಿದಂತೆಯೇ ಸೆಟೆಯುತ್ತಿತ್ತು. ಡಾಕ್ಟರು ಕಾಲನ್ನು ಬಹಳ ಹೊತ್ತು ಮಡಚಬೇಡಿರೆಂದರು. ಸರಿ, ನಿಂತು ನುಡಿಸಿದರಾಯಿತು ಎಂದು ಕಿಟಕಿಯ ಪಕ್ಕದ ಮೇಜಿನ ಮೇಲೆ ಕಬ್ಬಿಣದ ಟ್ರಂಕು, ಟ್ರಂಕಿನ ಮೇಲೆ ಪೇಟಿ ಇಟ್ಟು, ಬೆಳಗಿನ ಅಭ್ಯಾಸವನ್ನು ಮುಂದುವರಿಸಿದೆ. ಮಾಸ್ತರರ ಕಲ್ಲು ಈಗ ಎದ್ದು ನಿಂತಿತ್ತು, ಅಷ್ಟೇ. ಎರಡೂ ಮೊಣಕಾಲು ಬಿಗಿದು, ಹಿಮ್ಮಡಿ ಕೂಡಿಸಿ, ಶಾಲೆಯ ಪ್ರಾರ್ಥನೆಯಲ್ಲಿ ಮಕ್ಕಳಿಗೆ “ಸಾವಧಾನ್” ಎಂದು ನಾನೇ ಆಜ್ಞೆ ಕೊಟ್ಟಂತೆ ನಿಲ್ಲುತ್ತಿದ್ದೆ. ಹದಿನೈದು ದಿನಗಳಲ್ಲಿ ಮೊಣಕಾಲಿನ ನೋವಿಗೆ ಸೊಂಟ, ಹೆಗಲುಗಳ ನೋವೂ ಜೊತೆಯಾಯಿತು.

ಕೂರದೆ, ನಿಲ್ಲದೆ ನುಡಿಸುವ ಮೂರನೆಯ ಬಗೆಯೊಂದು ನನಗೆ ತೋಚಲಿಲ್ಲ. ಮಾನ್ವಿಯಲ್ಲಿರುವ ಕಾಕಾಗೆ, ನನ್ನ ತಂದೆಯ ತಮ್ಮನಿಗೆ, ಒಂದು ಕಾರ್ಡು ಬರೆದೆ: ನಿಮ್ಮ ಭಜನಾ ಮಂಡಳಿಗೆ ಪೇಟಿ ಬೇಕೆಂದಿದ್ದಿರಿ, ಬರುವ ಭಾನುವಾರ ಬಂದು ಇದನ್ನು ಒಯ್ಯಿರಿ. ಕಾರಣ ಬರೆಯಲಿಲ್ಲ. ಕಾರ್ಡನ್ನು ಡಬ್ಬಿಗೆ ಹಾಕಿದ ಮೇಲೆ ಪೇಟಿಯ ಮುಚ್ಚಳ ಹಾಕಿದವಳು ಮತ್ತೆ ತೆಗೆಯಲಿಲ್ಲ.

ಶನಿವಾರ ಮಧ್ಯಾಹ್ನ ಸೀರೆಗಳನ್ನು ಇಸ್ತ್ರಿಗೆ ಕೊಡಲು ಎದುರಿನ ಹಂಪವ್ವನ ಅಂಗಡಿಗೆ ಹೋದೆ. ಅಂಗಡಿಯೆಂದರೆ ತಗಡಿನ ಸೂರು, ಒಂದು ಮೇಜು, ಕೆಂಡದ ಇಸ್ತ್ರಿಪೆಟ್ಟಿಗೆ.

“ಅಕ್ಕೋರ, ನಾಕು ದಿನಾತು ಪೇಟಿ ದನೀನ ಇಲ್ಲ. ಕೆಟ್ಟದೇನ್ರೀ?”

“ಪೇಟಿ ಚೊಲೋ ಅದ.”

“ಹಂಗಾದ್ರ ನೀವು ಕೆಟ್ಟೀರಿ” ಎಂದು ಅವಳು ತನ್ನ ಮಾತಿಗೆ ತಾನೇ ನಕ್ಕಳು. “ದಿನಾ ಕಿಟಕ್ಯಾಗ ನೋಡ್ತೀನ್ರೀ. ಠಾಣೆ ಮುಂದಿನ ಪೊಲೀಸನಂಗ ನಿಂತಿರ್ತೀರಿ. ಪೇಟಿ ಏನು ಓಡಿ ಹೋಗ್ತದೇನು?”

ನನ್ನನ್ನು ಯಾರೂ ನೋಡುತ್ತಿಲ್ಲವೆಂಬ ನಂಬಿಕೆಯ ಮೇಲೆಯೇ ನನ್ನ ಸಂಗೀತ ನಿಂತಿತ್ತು. ಮುಖ ಬಿಸಿಯಾಯಿತು, ಆದರೂ, ಏಕೋ, ಮೊಣಕಾಲಿನ ವಿಷಯ ಹೇಳಿಬಿಟ್ಟೆ. ಹಂಪವ್ವ ಮೇಜಿನಿಂದ ಜೋತುಬಿದ್ದ ಬಟ್ಟೆಯನ್ನು ಎತ್ತಿ ತೋರಿಸಿದಳು. ಕೆಳಗೆ ಈ ಇಟ್ಟಿಗೆ, ಅದರ ಮೇಲೆ ಅವಳ ಎಡಗಾಲು.

“ಮೂವತ್ತು ವರ್ಷಾತು ನಿಂತು. ಒಂದು ಕಾಲು ಇಟ್ಟಂಗಿ ಮ್ಯಾಲೆ, ಒಂದು ನೆಲದ ಮ್ಯಾಲೆ. ಎರಡು ಸೀರಿ ಆದ್ವು ಅಂದ್ರ ಕಾಲು ಬದಲಿ. ಮೊಣಕಾಲು ಬಿಗಿ ಹಿಡದ್ರ ಸಂಜೀಕ ನನ್ನ ಹೊತ್ಕೊಂಡು ಒಯ್ಯಬೇಕಾಗ್ತದ. ಮತ್ತ ಆ ಟ್ರಂಕ್ ಇಳಸ್ರಿ. ಮೊಣಕೈ ಹೆಗಲಿಗಿ ಏರಿದ್ರ ಯಾವ ಕೆಲಸಾನೂ ಆಗಂಗಿಲ್ಲ.” ಹಾಗೆಂದು ಕಾಲಿನಿಂದಲೇ ಇಟ್ಟಿಗೆಯನ್ನು ನನ್ನ ಕಡೆ ತಳ್ಳಿದಳು. “ಒಯ್ರಿ. ಇದು ಪಳಗ್ಯದ. ಹೊಸಾದು ಕಾಲು ಕೊರೀತದ.”

ಮನೆಗೆ ಬಂದು ಮೊದಲು ಮಾಡಿದ ಕೆಲಸ, ಹೇಳಲು ನಾಚಿಕೆ, ಕಿಟಕಿ ಮುಚ್ಚಿದ್ದು. ಆಮೇಲೆ ಟ್ರಂಕು ಇಳಿಸಿದೆ. ಇಟ್ಟಿಗೆಯ ಮೇಲೆ ಕಾಲಿಟ್ಟು ನಿಂತಾಗ, ಕೂರುವುದನ್ನು ಇಡೀ ಒಂದು ತಿಂಗಳು ಕಲಿತ ನಾನು ನಿಲ್ಲುವುದನ್ನು ಯಾರಿಂದಲೂ ಕಲಿತಿರಲಿಲ್ಲವೆಂದು ಹೊಳೆಯಿತು. ಕೊಳಲೂದುವ ಕೃಷ್ಣ ಯಾವ ಚಿತ್ರದಲ್ಲಾದರೂ ಸೆಟೆದು ನಿಂತಿದ್ದಾನೆಯೇ? ಭಾರವನ್ನೆಲ್ಲ ಒಂದು ಕಾಲಿಗೆ ವಹಿಸಿ, ಇನ್ನೊಂದಕ್ಕೆ ರಜೆ ಕೊಟ್ಟಿದ್ದಾನೆ. ಅದನ್ನು ಬರಿಯ ಸೊಗಸೆಂದು ತಿಳಿದಿದ್ದೆ. ನಿಂತು ನುಡಿಸುವವರ ಅನುಭವವೂ ಅದರಲ್ಲಿದ್ದೀತು. ಬಿಗಿತವನ್ನೇ ಸ್ಥಿರತೆಯೆಂದು ನಾನು ತಪ್ಪು ತಿಳಿದದ್ದು ಮೊಣಕಾಲಿನ ವಿಷಯದಲ್ಲಿ ಮಾತ್ರವೇ ಎಂಬ ಪ್ರಶ್ನೆಯೂ ಬಂತು. ನೋವನ್ನು ಹೇಳದಿರುವುದು ಗಾಂಭೀರ್ಯವೆಂದುಕೊಂಡಿದ್ದೆ. ಹೇಳಿದ್ದರೆ ಆ ಕಾರ್ಡನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲವೇನೋ.

ಆದರೆ ಕಾರ್ಡು ಮುಟ್ಟಿತ್ತು. ಭಾನುವಾರ ಮೊದಲ ಬಸ್ಸಿಗೇ ಕಾಕಾ ಬಂದರು, ಪೇಟಿ ಸುತ್ತಲು ಕಂಬಳಿ, ಬಿಗಿಯಲು ಹಗ್ಗ ಹಿಡಿದುಕೊಂಡು.

“ಒಂದು ಪದ ಹಾಡ್ರಿ ಕಾಕಾ. ನುಡಿಸಿ ನೋಡ್ತೀನಿ.”

ಇಟ್ಟಿಗೆಯ ಮೇಲಿಟ್ಟ ನನ್ನ ಪಾದದ ಮೇಲೆ ಅವರ ಕಣ್ಣು ಬಿತ್ತು. “ಯವ್ವಾ, ನಮ್ಮ ವಿಠ್ಠಲನೂ ಇಟ್ಟಂಗಿ ಮ್ಯಾಲೇ ನಿಂತಾನ! ಆತ ಎರಡೂ ಕಾಲಿಟ್ಟು ಸಿಕ್ಕೊಂಡ. ನೀ ಶಾಣ್ಯಾಕಿ, ಒಂದಽ ಇಟ್ಟೀದಿ.”

ಅವರು ಹಾಡಿದರು. ಪಲ್ಲವಿ ಮರಳಿದಾಗಲೆಲ್ಲ ನಾನು ಕಾಲು ಬದಲಿಸಿದೆ. ಮೂರನೆಯ ನುಡಿಗೆ ನೋವು ಬಂತು. ಬಂದದ್ದು ಹೊಸ್ತಿಲಲ್ಲೇ ಕೂತಿತು, ಒಳಗೆ ಬರಲಿಲ್ಲ. ಪದ ಮುಗಿಯುವ ತನಕ ನಾನು ನಿಂತೇ ಇದ್ದೆ. ಕಾಕಾ ಹಗ್ಗವನ್ನು ಸುರುಳಿ ಸುತ್ತತೊಡಗಿದರು.

“ಮಂಡಳಿಯವರಿಗಿ ಏನಂತ ಹೇಳಲಿ? ದಾರಿ ಕಾಯ್ತಿರ್ತಾರ.”

ಮಾಸ್ತರರನ್ನು ಬಿಟ್ಟು ಯಾರೆದುರೂ ನಾನಾಗಿ ಹೋಗಿ ನುಡಿಸಿದವಳಲ್ಲ. “ಏಕಾದಶಿಗಿ ಪೇಟಿ ಬರ್ತದ, ಅದರ ಜೋಡಿ ನಾನೂ ಬರ್ತೀನಿ ಅಂತ ಹೇಳ್ರಿ” ಎಂದೆ. “ಒಂದು ಮೇಜು ಇಡಸ್ರಿ. ಇಟ್ಟಂಗಿ ನಾ ತರ್ತೀನಿ.”

ಮರುದಿನ ಬೆಳಿಗ್ಗೆ ಶನಿವಾರದಿಂದ ಮುಚ್ಚಿದ್ದ ಕಿಟಕಿಯ ಎರಡೂ ಕದಗಳನ್ನು ತೆರೆದೆ. ಎದುರಿಗೆ ಹಂಪವ್ವ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು; ಅವಳ ಕಾಲ ಕೆಳಗೆ ಅಂಚು ಸವೆಯದ, ಕಡುಗೆಂಪಿನ ಹೊಸ ಇಟ್ಟಿಗೆ. ನಾನು ಹಳೆಯದರ ಮೇಲೆ ಬಲಗಾಲಿಟ್ಟು, ಮೊಣಕಾಲು ಸಡಿಲಿಸಿ, ಪೇಟಿಯ ತಿದಿ ಒತ್ತಿದೆ.