ಕಾರ್ಡಿನಲ್ಲಿ ನಾನು ಬರೆಯದೆ ಬಿಟ್ಟದ್ದು

ಉಪಾಧ್ಯಾಯಿನಿಯರ ತರಬೇತಿಗೆ ಆಯ್ಕೆ ಮಾಡಲು ಮೈಸೂರಿಗೆ ಬಂದು ಹೋಗಬೇಕೆಂದು ನನಗೆ ಕಾಗದ ಬಂದಾಗ, ಮಧುಗಿರಿಯ ನಮ್ಮ ಮನೆಯಲ್ಲಿ ಸಂತೋಷಪಡಲು ಯಾರಿಗೂ ಪುರುಸೊತ್ತಾಗಲಿಲ್ಲ. ಕಾಗದ ಓದಿ ಮುಗಿಸುವ ಮೊದಲೇ ಚಿಂತೆ ಶುರುವಾಗಿತ್ತು. ಅಪ್ಪನಿಗೆ ಉಬ್ಬಸ. ಸಂತೆಬೀದಿಯ ತನಕ ನಡೆದರೆ ಎರಡು ಕಡೆ ಕೂತು ಸುಧಾರಿಸಿಕೊಳ್ಳಬೇಕಿತ್ತು. ಅಮ್ಮ ಹಸಿ ಬಾಣಂತಿ. ನನಗೆ ಹದಿನೇಳು. ಇನ್ನು ಉಳಿದವಳು ಅತ್ತೆ ಒಬ್ಬಳೇ.

ಅತ್ತೆ ಎಂದರೆ ಅಪ್ಪನ ಅಕ್ಕ. ನಾನು ಹುಟ್ಟುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮಾವ ಯಾವುದೋ ಯಾತ್ರೆಗೆ ಹೋದಾಗ ತೀರಿಕೊಂಡರು ಎನ್ನುವುದಷ್ಟೇ ನಮಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಅವಳು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಓದು ಬರಹ ಬಾರದಿದ್ದರೂ ಮನೆಯ ಎಲ್ಲ ತೀರ್ಮಾನಗಳೂ ಅವಳ ಬಾಯಿಂದಲೇ ಬರಬೇಕಾಗಿತ್ತು. ನನ್ನನ್ನು ಶಾಲೆ ಬಿಡಿಸಬಾರದೆಂದು ಹಟ ಹಿಡಿದವಳೂ ಅವಳೇ.

"ಮೈಸೂರ್ನಾಗೆ ನಮ್ಮೋರು ಅಂತ ಯಾರವ್ರೆ? ಛತ್ರದಾಗೆ ಎರಡು ದಿನ ಇದ್ಕೊಂಡು ಬಂದ್ಬುಡಿ" ಎಂದರು ಅಪ್ಪ.

"ಛತ್ರ ಬ್ಯಾಡ" ಎಂದಳು ಅತ್ತೆ. "ಬೇಕಾರೆ ಮರದ ಕೆಳಗೆ ಮಲಗ್ತೀನಿ. ಛತ್ರಕ್ಕೆ ಮಾತ್ರ ಕಾಲಿಡಾಕಿಲ್ಲ."

ಅವಳು ಹಾಗೆಂದ ಮೇಲೆ ಅಪ್ಪ ಮತ್ತೆ ಆ ಮಾತೆತ್ತಲಿಲ್ಲ. ಉಳಿದದ್ದು ಹೋಟೆಲು. ಆಗಿನ ಕಾಲದಲ್ಲಿ ನಮ್ಮ ಕಡೆ ಹೋಟೆಲು ಎಂದರೆ ಗಂಡಸರು ಮನೆಗೆ ಗೊತ್ತಾಗದಂತೆ ಹೋಗಿ ದೋಸೆ ತಿಂದು ಬರುವ ಜಾಗ. ಅಲ್ಲಿ ಹೆಂಗಸರು ಹಾಸಿಗೆ ಬಿಚ್ಚಿ ಮಲಗುವುದೆಂದರೆ ಕೇಳಿದವರು ಏನೆಂದುಕೊಂಡಾರು ಎಂದು ಅಮ್ಮ ಮಗುವಿಗೆ ಹಾಲೂಡಿಸುತ್ತಲೇ ಕಣ್ಣೀರು ಹಾಕಿದಳು.

ಆ ವಾರದ ಸಂತೆಗೆ ಸಿರಾದಿಂದ ಅತ್ತರು, ಊದುಬತ್ತಿ ಮಾರುವ ಸಾಹೇಬರು ಬಂದಿದ್ದರು. ತಿಂಗಳಿಗೊಮ್ಮೆ ಗಂಧದೆಣ್ಣೆ ತರಲು ಮೈಸೂರಿಗೆ ಹೋಗಿಬರುವವರು ಅವರೊಬ್ಬರೇ ಎಂದು ಅತ್ತೆ ಅವರನ್ನು ಮನೆಯ ಜಗಲಿಗೆ ಕರೆಸಿದಳು.

"ಫಿಕರ್ ಮಾಡ್ಬ್ಯಾಡಿ ಅಮ್ಮಾ" ಎಂದರು ಸಾಹೇಬರು. "ಸಂತೆಪೇಟೆ ತಾವ ಒಂದು ಹೋಟ್ಲು ಐತೆ. ಸಾಫ್ ಐತೆ. ಕೆಳಗೆ ಊಟ, ಮ್ಯಾಲೆ ಐದು ರೂಮು. ಯಜಮಾನ್ರು ನಿಮ್ಮೋರೇ, ತೋವಿನಕೆರೆ ಕಡೆಯೋರು. ಅವ್ರಿಗೆ ಊದುಬತ್ತಿ ಕೊಡೋನು ನಾನೇ."

"ನೀವು ಅಲ್ಲಿ ಉಳ್ಕೊಂಡಿದ್ರಾ?"

"ಇಲ್ಲಮ್ಮ, ನಾನು ನಮ್ಮ ಮಂದಿ ಮುಸಾಫಿರ್‌ಖಾನೆಯಾಗೆ ಇರ್ತೀನಿ. ಆದ್ರೆ ಅವ್ರ ಜಬಾನ್ ಪಕ್ಕಾ. ಒಂದು ಮಾತು ಹೇಳಿದ್ರೆ ಮುಗೀತು."

ಜಬಾನ್ ಎಂದರೆ ಮಾತು ಎಂದು ತಿಳಿದ ಮೇಲೆ ಅತ್ತೆಗೆ ಅರ್ಧ ಧೈರ್ಯ ಬಂತು. ಉಳಿದರ್ಧಕ್ಕೆ ಬರಹದಲ್ಲಿ ಉತ್ತರ ಬೇಕೆಂದಳು. ಅಂಚೆ ಕಚೇರಿಯಿಂದ ನಾನು ಜೋಡಿ ಕಾರ್ಡು ತಂದೆ. ಒಂದರಲ್ಲಿ ನಾವು ಬರೆಯುವುದು, ಅದಕ್ಕೆ ಅಂಟಿಕೊಂಡ ಖಾಲಿ ಕಾರ್ಡನ್ನು ಹರಿದು ಅವರು ಉತ್ತರ ಬರೆದು ಕಳಿಸುವುದು. ಬೆಟ್ಟದ ನೆರಳು ಬೀದಿಗೆ ಬಂದ ಹೊತ್ತಿನಲ್ಲಿ ಜಗಲಿಯ ಮೇಲೆ ಕೂತು ಅತ್ತೆ ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ಗಂಡಸರಿಲ್ಲದೆ ಬರುವ ಇಬ್ಬರು ಹೆಂಗಸರಿಗೆ ರೂಮು ಕೊಡುತ್ತೀರಾ? ಬಾಗಿಲಿಗೆ ಒಳಗಡೆಯಿಂದ ಚಿಲಕ ಇದೆಯಾ? ಸ್ನಾನಕ್ಕೆ ಮರೆ ಇದೆಯಾ? ಬೆಳಿಗ್ಗೆ ಲಿಂಗಪೂಜೆಗೆ ಜಾಗ, ನೀರು ಸಿಗುತ್ತದೆಯಾ?

"ಇನ್ನೊಂದು ಬರಿ" ಎಂದಳು. "ಇರೋವಾಗ ನಮಗೆ ಮೈ ಸರಿ ಇಲ್ದಂಗೆ ಆದ್ರೆ ಆಚೆಗೆ ಹಾಕ್ತೀರೋ, ಇಟ್ಕಳ್ತೀರೋ? ಅದನ್ನ ಕೇಳು."

ಕಾರ್ಡಿನಲ್ಲಿ ಇನ್ನು ಒಂದೂವರೆ ಸಾಲಿನ ಜಾಗವಿತ್ತು. ಮೈಸೂರಿನವರು ಇದನ್ನು ಓದಿ ನಗುತ್ತಾರೆ ಎನಿಸಿತು ನನಗೆ. ಹೋಗುವ ಮೊದಲೇ ಕಾಯಿಲೆಯ ಮಾತಾಡುವ ಹಳ್ಳಿಯ ಜನ ಎಂದುಕೊಳ್ಳುತ್ತಾರೆ. ಆ ಜಾಗದಲ್ಲಿ ನಾನು ನನಗೆ ಬೇಕಾದದ್ದನ್ನು ಬರೆದೆ: ತರಬೇತಿ ಶಾಲೆ ಅಲ್ಲಿಂದ ಎಷ್ಟು ದೂರ?

"ಬರ್ದಾ?"

"ಬರ್ದೆ ಅತ್ತೆ."

ಕಾರ್ಡು ಹೋಯಿತು. ಉತ್ತರ ಬರಲಿಲ್ಲ. ವಾರ ಕಳೆಯಿತು, ಹತ್ತು ದಿನ ಕಳೆಯಿತು. ಅಂಚೆಯವನು ನಮ್ಮ ಬೀದಿಗೆ ತಿರುಗುವ ಹೊತ್ತಿಗೆ ಅತ್ತೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ಅವನು ದೂರದಿಂದಲೇ ತಲೆಯಾಡಿಸಿದರೆ ಒಳಗೆ ಬಂದು ರಾಗಿ ಬೀಸುವುದಕ್ಕೆ ಕೂರುತ್ತಿದ್ದಳು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹಿಟ್ಟಾಯಿತು. ವಿಳಾಸ ತಪ್ಪಿರಬಹುದೇ? ಸಾಹೇಬರು ಹೇಳಿದ ಹೋಟೆಲು ಮುಚ್ಚಿಹೋಗಿರಬಹುದೇ? ಹೆಂಗಸರು ಎಂದು ತಿಳಿದು ಕಾರ್ಡನ್ನೇ ಎಸೆದಿರಬಹುದೇ? ನಾನು ಪಾಠದ ಪುಸ್ತಕ ತೆರೆದು ಕೂತರೆ ಅಕ್ಷರಗಳು ಕಾಣುತ್ತಿದ್ದವು, ಅರ್ಥವಾಗುತ್ತಿರಲಿಲ್ಲ.

ನಾವು ಹೊರಡಬೇಕಾದ ಹಿಂದಿನ ದಿನ ಕಾರ್ಡು ಬಂತು. ಅತ್ತೆ ಕೈ ಒರೆಸಿಕೊಂಡು ಎದುರು ಕೂತಳು. ನಾನು ಓದಿದೆ. ರೂಮು ಇದೆ. ಹೆಂಗಸರು ಬರಬಹುದು, ಸಂಸಾರಸ್ಥರು ಬಂದು ಇಳಿಯುವ ಜಾಗ. ಚಿಲಕ ಇದೆ, ಮರೆ ಇದೆ, ಪೂಜೆಗೆ ನೀರು ಕೊಡುತ್ತೇವೆ. ಶಾಲೆಗೆ ನಡೆದೇ ಹೋಗಬಹುದು. ಊರಲ್ಲಿ ಪ್ಲೇಗಿನ ಭಯ ಇರುವುದರಿಂದ ಇಬ್ಬರೂ ಚುಚ್ಚುಮದ್ದು ಹಾಕಿಸಿಕೊಂಡು, ಆಸ್ಪತ್ರೆಯ ಚೀಟಿ ತರತಕ್ಕದ್ದು. ಚೀಟಿ ಇಲ್ಲದವರಿಗೆ ರೂಮು ಕೊಡುವುದಿಲ್ಲ.

"ನಾನು ಕೇಳಿದ್ದಕ್ಕೆ ಏನಂದವ್ರೆ?"

ನನ್ನ ಕಣ್ಣು ಕಾರ್ಡಿನ ಮೇಲೆಯೇ ಇತ್ತು. "ಆಚೆಗೆ ಹಾಕಲ್ಲ ಅಂತ ಬರ್ದವ್ರೆ ಅತ್ತೆ" ಎಂದೆ.

ಅವಳು ಕಾರ್ಡನ್ನು ಇಸಿದುಕೊಂಡು ಎಲೆಅಡಿಕೆ ಚೀಲದೊಳಗೆ ಇಟ್ಟಳು. ಸಂಜೆ ಪಕ್ಕದ ಮನೆಯವರು ಬಂದಾಗ, "ಹೋಟ್ಲೋರು ಬರವಣಿಗೆನಾಗೇ ಮಾತು ಕೊಟ್ಟವ್ರೆ ಕಣಮ್ಮ" ಎಂದು ಹೇಳಿದ್ದನ್ನು ಒಳಮನೆಯಿಂದ ಕೇಳಿಸಿಕೊಂಡೆ. ಆಗಲೇ ಎದ್ದು ಹೋಗಿ ನಿಜ ಹೇಳಬಹುದಾಗಿತ್ತು. ಹೇಳಿದರೆ ಪ್ರಯಾಣವೇ ನಿಂತುಹೋಗುತ್ತದೆ ಎಂದು ಸುಮ್ಮನಾದೆ.

ಮರುದಿನ ಬೆಳಿಗ್ಗೆ ಬಸ್ಸು ಹೊರಡುವ ಮುಂಚೆ ಆಸ್ಪತ್ರೆಗೆ ಓಡಿದೆವು. ಇಬ್ಬರಿಗೂ ಎಡತೋಳಿಗೆ ಸೂಜಿ ಚುಚ್ಚಿದರು. ಚೀಟಿ ಕೊಡುವಾಗ ಡಾಕ್ಟರು ಏನೋ ಹೇಳಿದರು. ಬಸ್ಸಿನ ಹಾರನ್ನಿನ ಕಡೆಗೇ ಕಿವಿಯಿದ್ದ ನಾವು ಹೂಂ ಹೂಂ ಎಂದು ಚೀಟಿ ತೆಗೆದುಕೊಂಡು ಬಂದುಬಿಟ್ಟೆವು. ಕೊರಟಗೆರೆ ದಾಟಿ ತುಮಕೂರಿಗೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರೈಲು. ಅವತ್ತು ಬೆಂಗಳೂರಿನಲ್ಲಿ ದೂರದ ನೆಂಟರ ಮನೆಯಲ್ಲಿ ತಂಗಿ, ಮರುದಿನ ಬೆಳಗಿನ ರೈಲು ಹತ್ತಿದೆವು. ದಾರಿಯುದ್ದಕ್ಕೂ ನನ್ನ ತೋಳು ಸೆಳೆಯುತ್ತಿತ್ತು. ನಾನು ಹೇಳಲಿಲ್ಲ.

ಮಧ್ಯಾಹ್ನ ಹೋಟೆಲು ಸೇರಿದಾಗ ಎಲ್ಲವೂ ಕಾರ್ಡಿನಲ್ಲಿ ಬರೆದಂತೆಯೇ ಇತ್ತು. ಕೆಳಗೆ ಊಟದ ಮನೆಯಲ್ಲಿ ಸಾಲಾಗಿ ಮಣೆ ಹಾಕಿದ್ದರು. ಯಜಮಾನರು ವಿಭೂತಿ ಧರಿಸಿದ ಐವತ್ತರ ಆಸುಪಾಸಿನವರು. ನಮ್ಮ ಚೀಟಿಗಳನ್ನು ಎರಡೆರಡು ಸಲ ಓದಿ, ಮರದ ಮೆಟ್ಟಿಲು ಹತ್ತಿಸಿ ಮೂಲೆಯ ರೂಮು ತೋರಿಸಿದರು. ಅತ್ತೆ ಮೊದಲು ಮಾಡಿದ ಕೆಲಸ ಚಿಲಕ ಹಾಕಿ ತೆಗೆದು ನೋಡಿದ್ದು. ಸರಿಯಾಗಿ ಕೂರುತ್ತಿತ್ತು. ಅವಳ ಮುಖದಲ್ಲಿ ಹದಿನೈದು ದಿನಗಳಲ್ಲಿ ಮೊದಲ ಸಲ ಸಮಾಧಾನ ಕಂಡೆ.

ನನಗೆ ಊಟ ಸೇರಲಿಲ್ಲ. ಅನ್ನ ಕಲಸುವಾಗಲೇ ಮೈ ನಡುಗಲು ಶುರುವಾಯಿತು. ಮೇಲೆ ಬಂದು ಚಾಪೆಯ ಮೇಲೆ ಉರುಳಿದೆ. ಅತ್ತೆ ಹಣೆ ಮುಟ್ಟಿದಳು, ಕುತ್ತಿಗೆ ಮುಟ್ಟಿದಳು. ಆಮೇಲೆ ಅವಳ ಕೈ ನನ್ನ ಎಡಕಂಕುಳಿಗೆ ಹೋಯಿತು. ನಾನು ಅಯ್ಯೋ ಎಂದೆ. ಅಲ್ಲಿ ಹುಣಿಸೆಬೀಜದಷ್ಟು ಗಂಟು. ಪ್ಲೇಗು ಎಂದರೆ ಜ್ವರ, ಕಂಕುಳಲ್ಲಿ ಗಂಟು. ಅದು ಗೊತ್ತಿಲ್ಲದವರು ಆಗ ಯಾರೂ ಇರಲಿಲ್ಲ.

"ಉಸಿರು ಬುಡಬ್ಯಾಡ" ಎಂದು ಪಿಸುಗುಟ್ಟಿದಳು. ಸ್ವಲ್ಪ ಹೊತ್ತು ಕೂತಿದ್ದು, ಎಲೆಅಡಿಕೆ ಚೀಲ ತೆಗೆದುಕೊಂಡು ಕೆಳಗೆ ಹೋದಳು. ಯಾಕೆ ಹೋದಳೆಂದು ನನಗೆ ಅರ್ಥವಾಯಿತು. ತಡೆಯುವುದಕ್ಕೆ ಏಳಲಾಗಲಿಲ್ಲ.

ಯಜಮಾನರು ಅವಳ ಹಿಂದೆಯೇ ಮೇಲೆ ಬಂದರು. ಹೊಸ್ತಿಲಾಚೆಯೇ ನಿಂತು ನನ್ನನ್ನು ನೋಡಿದರು. ಮುಖ ಬಿಳಿಚಿಕೊಂಡಿತ್ತು.

"ಹುಡುಗಿಗೆ ಜ್ವರ" ಎಂದಳು ಅತ್ತೆ. "ನೀವು ಮಾತು ಕೊಟ್ಟಿದ್ದೀರಿ. ನೋಡಿ, ನಿಮ್ಮದೇ ಕಾರ್ಡು."

ಅವರು ಕಾರ್ಡನ್ನು ಬೆಳಕಿಗೆ ಹಿಡಿದು ಓದಿದರು. ತಿರುಗಿಸಿ ಹಿಂಬದಿ ನೋಡಿದರು. "ಇದ್ರಾಗೆ ಅಂಗೇನೂ ನಾನು ಬರ್ದಿಲ್ಲವಲ್ಲ ಅಕ್ಕಯ್ಯ. ನೀವು ಅಂಥದ್ದು ಕೇಳೇ ಇರ್ಲಿಲ್ಲ."

ಅತ್ತೆ ನನ್ನ ಕಡೆ ತಿರುಗಿದಳು.

"ನಾನು ಬರೀಲಿಲ್ಲ ಅತ್ತೆ" ಎಂದೆ. "ನಾಚ್ಕೆ ಆಯ್ತು. ಸುಳ್ಳು ಹೇಳ್ದೆ."

ಅವಳು ಬೈಯಲಿಲ್ಲ. ನನ್ನನ್ನು ನೋಡುವುದನ್ನು ಬಿಟ್ಟು ಯಜಮಾನರಿಗೆ ಹೇಳಿದಳು: "ಇಪ್ಪತ್ತು ವರ್ಷದ ಹಿಂದೆ ನಾನೂ ನಮ್ಮೆಜಮಾನ್ರೂ ನಂಜನಗೂಡಿಗೆ ಹೊಂಟಿದ್ವಿ. ದಾರೀಲಿ ಒಂದು ಛತ್ರದಾಗೆ ಇಳ್ಕೊಂಡ್ವಿ. ಅವರಿಗೆ ವಾಂತಿಭೇದಿ ಆಯ್ತು. ಛತ್ರದೋರು ಇಬ್ಬರನ್ನೂ ಎತ್ತಿ ರಸ್ತೆಗೆ ಹಾಕಿದ್ರು. ಹುಣಿಸೆಮರದ ಕೆಳಗೇ ಅವರ ಜೀವ ಹೋಯ್ತು. ಒಂದು ಲೋಟ ನೀರು ಕೇಳಿದ್ರೂ ಬಾಗ್ಲು ತೆಗೀಲಿಲ್ಲ. ಮುಂಚೇನೇ ಕೇಳಿದ್ರೆ ಅಲ್ಲಿ ಇಳೀತಾನೇ ಇರ್ಲಿಲ್ಲ ಅಂತ ಅವತ್ತಿಂದ ಅಂದ್ಕಂಡಿದ್ದೀನಿ. ಅದಕ್ಕೇ ಕೇಳು ಅಂದೆ ಇವಳಿಗೆ. ಇವಳು ಕೇಳಿಲ್ಲ. ಆಗ್ಲಿ, ಈಗ ನಾನೇ ಕೇಳ್ತೀನಿ. ಇಟ್ಕಳ್ತೀರೋ, ಆಚೆಗೆ ಹಾಕ್ತೀರೋ?"

ಯಜಮಾನರು ಮೆಟ್ಟಿಲ ಕಡೆ ನೋಡಿದರು. ಕೆಳಗೆ ಊಟಕ್ಕೆ ಕೂತವರ ಮಾತು ಕೇಳುತ್ತಿತ್ತು. ಪ್ಲೇಗೆಂದು ಸುದ್ದಿ ಹಬ್ಬಿದರೆ ಆ ಹೊತ್ತೇ ಹೋಟೆಲು ಖಾಲಿಯಾಗುತ್ತಿತ್ತು. ಅವರ ಸಂಸಾರವೂ ಹಿತ್ತಲ ಕಡೆಯ ಮನೆಯಲ್ಲೇ ಇತ್ತು. ಅವರು ಇಟ್ಟುಕೊಳ್ಳುತ್ತೇನೆ ಎನ್ನಲಿಲ್ಲ. ಕಾರ್ಡನ್ನು ಅತ್ತೆಗೆ ಹಿಂದಕ್ಕೆ ಕೊಟ್ಟು, "ಡಾಕ್ಟರನ್ನ ಕರ್ಕೊಂಡು ಬರ್ತೀನಿ. ಅಲ್ಲೀತಂಕ ಬಾಗ್ಲು ಹಾಕ್ಕೊಂಡಿರಿ. ನಾನೂ ಯಾರಿಗೂ ಹೇಳಲ್ಲ, ನೀವೂ ಹೇಳ್ಬೇಡಿ" ಎಂದರು. ಕೊಡೆಯನ್ನೂ ತೆಗೆದುಕೊಳ್ಳದೆ ಬಿಸಿಲಿಗೆ ಇಳಿದು ಹೋದದ್ದನ್ನು ಅತ್ತೆ ಕಿಟಕಿಯಿಂದ ನೋಡಿದಳು.

ಅತ್ತೆ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಯಾರಾದರೂ ದೂಡಿದರೆ ತಡೆಯುವವಳಂತೆ ಕಾಲನ್ನು ಮುಂದಕ್ಕೆ ಚಾಚಿಕೊಂಡಿದ್ದಳು. ಬೀದಿಯಲ್ಲಿ ಜಟಕಾಗಳ ಸದ್ದು, ಎಲ್ಲೋ ಗಡಿಯಾರ ಹೊಡೆದದ್ದು, ಎಲ್ಲ ಕೇಳುತ್ತಿತ್ತು. ಆ ಒಂದು ತಾಸಿನಲ್ಲಿ ನಾನು ಸಾಯುವುದನ್ನು ಎಷ್ಟು ಸಲ ಯೋಚಿಸಿದೆನೋ ಲೆಕ್ಕವಿಲ್ಲ. ಸಾಯುವುದಕ್ಕಿಂತ ಹೆಚ್ಚಾಗಿ, ನನ್ನಿಂದಾಗಿ ಅತ್ತೆ ಎರಡನೆಯ ಸಲ ಬೀದಿಯಲ್ಲಿ ಕೂರುವುದು ಕಣ್ಣಿಗೆ ಕಟ್ಟಿ ಅಳು ಬರುತ್ತಿತ್ತು. "ಅತ್ತೆ" ಎಂದರೆ, "ಮಲಕ್ಕೋ" ಎನ್ನುತ್ತಿದ್ದಳು, ಅಷ್ಟೇ.

ಡಾಕ್ಟರು ವಯಸ್ಸಾದವರು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ನಾಡಿ ಹಿಡಿಯುವುದಕ್ಕೂ ಮೊದಲು ಕೇಳಿದರು: "ಚುಚ್ಚುಮದ್ದು ಯಾವಾಗ ಹಾಕಿಸಿದ್ರಿ?"

"ನಿನ್ನೆ ಬೆಳಿಗ್ಗೆ" ಎಂದಳು ಅತ್ತೆ.

ಅವರು ನನ್ನ ರವಿಕೆಯ ತೋಳು ಮೇಲಕ್ಕೆ ಸರಿಸಿ, ಸೂಜಿ ಚುಚ್ಚಿದ ಜಾಗದ ಸುತ್ತ ಕೆಂಪಗೆ ಊದಿದ್ದನ್ನು ನೋಡಿದರು. ಕಂಕುಳ ಗಂಟನ್ನು ಒತ್ತಿ ನೋಡಿದರು. "ಮದ್ದಿನ ಜ್ವರ ಕಣಮ್ಮ ಇದು. ಕೆಲವರಿಗೆ ಹೀಗೇ ಬರುತ್ತೆ, ಗಂಟೂ ಕಟ್ಟುತ್ತೆ. ನಾಳೆ ನಾಡಿದ್ದಕ್ಕೆ ಇಳಿದುಹೋಗುತ್ತೆ. ಅಲ್ಲಿ ಹಾಕಿದೋರು ಹೇಳಿಲ್ವೇ?"

ಹೇಳಿದ್ದರು. ನಾವು ಕೇಳಿಸಿಕೊಂಡಿರಲಿಲ್ಲ.

ಯಜಮಾನರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಮುಖ ಒರೆಸಿಕೊಂಡರು. ಸಂಜೆ ಅವರ ಹೆಂಡತಿ ಗಂಜಿ ತಂದುಕೊಟ್ಟರು. ಅತ್ತೆ ಯಜಮಾನರಿಗೆ ಕೈಮುಗಿದಾಗ ಅವರು ಮುಜುಗರದಿಂದ, "ನಾನು ಮಾತು ಕೊಡ್ಲಿಲ್ಲ ಅಕ್ಕಯ್ಯ. ಕೊಡೋಕೆ ಧೈರ್ಯ ಬರ್ಲಿಲ್ಲ" ಎಂದರು.

"ಆಚೆಗೆ ಹಾಕ್ಲಿಲ್ಲವಲ್ಲ, ಸಾಕು" ಎಂದಳು ಅತ್ತೆ.

ಮರುದಿನ ಜ್ವರ ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಅತ್ತೆ ನನ್ನ ಜೊತೆ ಶಾಲೆಯ ಗೇಟಿನ ತನಕ ನಡೆದು ಬಂದು, ಹೊರಗೆ ಮರದಡಿ ಕಾದಳು. ಒಳಗೆ ಏನು ಕೇಳಿದರು, ನಾನೇನು ಹೇಳಿದೆ ಎನ್ನುವುದು ಸರಿಯಾಗಿ ನೆನಪಿಲ್ಲ. ಒಂದು ಪದ್ಯ ಓದಿಸಿದರು, ಬೋರ್ಡಿನ ಮೇಲೆ ಬರೆಸಿದರು. ತಿಂಗಳ ಮೇಲೆ ಆಯ್ಕೆಯಾಯಿತೆಂದು ಕಾಗದ ಬಂತು. ತರಬೇತಿ ಮುಗಿದ ಮೇಲೆ ನನ್ನನ್ನು ಪಾವಗಡ ಸೀಮೆಯ ವೈ.ಎನ್.ಹೊಸಕೋಟೆಗೆ ಹಾಕಿದರು. ಅಲ್ಲಿನ ಮಕ್ಕಳು ಮನೆಯಲ್ಲಿ ತೆಲುಗಾಡಿ ಶಾಲೆಯಲ್ಲಿ ಕನ್ನಡ ಓದುತ್ತಿದ್ದರು. ಮೊದಲ ವರ್ಷ ನಾನು ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚು.

ಕಾರ್ಡಿನ ವಿಷಯವನ್ನು ಅತ್ತೆ ಅಪ್ಪ ಅಮ್ಮನಿಗೆ ಹೇಳಲಿಲ್ಲ. ನನ್ನನ್ನೂ ಯಾವತ್ತೂ ಕೆದಕಲಿಲ್ಲ. ಕ್ಷಮಿಸಿದ್ದಾಳೆ, ಮರೆತಿದ್ದಾಳೆ ಎಂದೇ ನಾನು ತಿಳಿದಿದ್ದೆ.

ಒಂದು ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿದ್ದಾಗ ಅವಳ ಗಂಡನ ಮನೆಯವರಿಂದ ಜಮೀನಿನ ವಿಷಯಕ್ಕೆ ಒಂದು ಕಾಗದ ಬಂತು. ನಾನು ಕೂತು ಎರಡು ಸಲ ಓದಿ ಹೇಳಿದೆ. ಅವಳು ತಲೆಯಾಡಿಸಿ, ಕಾಗದ ಮಡಚಿಕೊಂಡು, ಈಗ ಬರ್ತೀನಿ ಎಂದು ಹೊರಗೆ ಹೋದಳು. ಬಾಗಿಲಿಗೆ ಬಂದು ನೋಡಿದರೆ ಬೀದಿಯ ಕೊನೆಯಲ್ಲಿ ಅಂಚೆಯವನನ್ನು ನಿಲ್ಲಿಸಿಕೊಂಡಿದ್ದಳು. ಅವನು ಅದೇ ಕಾಗದವನ್ನು ಬಿಡಿಸಿ ಜೋರಾಗಿ ಓದುತ್ತಿದ್ದ. ಅವಳು ಕಿವಿಗೊಟ್ಟು ನಿಂತಿದ್ದಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಳಗೆ ಹೋಗಿ ಒಲೆಯ ಮುಂದೆ ಕೂತೆ.

ತಿರುಗಿ ಬಂದವಳು ಚಪ್ಪರದವರೆಕಾಯಿಯ ಬುಟ್ಟಿ ಎಳೆದುಕೊಂಡು ನಾರು ಬಿಡಿಸತೊಡಗಿದಳು. ತಲೆಯೆತ್ತದೆಯೇ ಹೇಳಿದಳು:

"ನೀನು ಸರಿಯಾಗೇ ಓದಿದ್ದೆ ಕಣಮ್ಮ."