ಅಮೆರಿಕದ ಚರ್ಚೆಗೆ ಸಿದ್ಧಕಟ್ಟೆಯ ಜಾಗಟೆ

ಕಳೆದ ವಾರ ಬಂಟ್ವಾಳ ಪೇಟೆಯಲ್ಲಿ ನಾರುಬೇರಿನ ಔಷಧಿ ಮಾರುವ ಅಂಗಡಿಯ ಮುಂದೆ ಬಸ್ಸಿಗಾಗಿ ನಿಂತಿದ್ದೆ. ಅಂಗಡಿಯವರು ಯಾರಿಗೋ ಕೊಡಲೆಂದು ಡಬ್ಬವೊಂದರ ಮುಚ್ಚಳ ತೆಗೆದರು. ಜ್ಯೇಷ್ಠಮಧುವಿನ ವಾಸನೆ ಬಂತು. ಒಣಮಣ್ಣಿಗೆ ಸಿಹಿ ಹತ್ತಿದಂತಹ ವಾಸನೆ. ಬಸ್ಸು ಬಂದು ನಿಂತು ಹೊರಟುಹೋಯಿತು. ನಾನು ಹತ್ತಲಿಲ್ಲ... ನಮ್ಮ ಆಚೆಮನೆಯ ಟೀಚರ್ ಹತ್ತಿರ ಬಂದು ಮಾತಾಡಿದರೆ ಅದೇ ವಾಸನೆ. ಆ ಬೇರಿನ ತುಂಡೊಂದು ಅವರ ಬಲಗೆನ್ನೆಯೊಳಗೆ ಸದಾ ಇರುತ್ತಿತ್ತು. ಗಂಟಲು ಅವರ ಆಸ್ತಿ. ಅದನ್ನು ಅವರು ಹಾಗೆ ಕಾಯುತ್ತಿದ್ದರು.

ಹೈಸ್ಕೂಲಿನಲ್ಲಿ ನಮಗೆಲ್ಲ ಸಮಾಜವಿಜ್ಞಾನ ಕಲಿಸಿ ನಿವೃತ್ತರಾದವರು ಅವರು. ಸಂಜೆಗಳಲ್ಲಿ ನಮ್ಮೂರು ಸಿದ್ಧಕಟ್ಟೆಯ ಹೆಂಗಸರ ತಾಳಮದ್ದಳೆ ಸಂಘಕ್ಕೆ ಭಾಗವತರು. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕುಳಿತು, ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿಗಳು ಆ ಕ್ಷಣದಲ್ಲೇ ಮಾತು ಕಟ್ಟಿ ವಾದಿಸುವ ಕಲೆ ಅದು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಟೀಚರ ಸಂಘದಲ್ಲಿ ಬೇರೆಲ್ಲೂ ನಾನು ಕಾಣದ ಪದ್ಧತಿಯೊಂದಿತ್ತು. ಎದುರಾಳಿ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಅರ್ಥಧಾರಿ ಬೇರೆಡೆಗೆ ಜಾರಿದರೆ ಟೀಚರ್ ಜಾಗಟೆಗೆ ಒಂದು ಪೆಟ್ಟು ಕೊಟ್ಟು ಅದೇ ಪದ್ಯವನ್ನು ಮತ್ತೆ ಹಾಡುತ್ತಿದ್ದರು. ಮಾತಿನ ನಡುವೆಯೇ. ರಾಮನಾದರೂ ಸರಿ, ರಾವಣನಾದರೂ ಸರಿ. "ಯಾನ್ ಕೇಂಡಿನ ದಾದ, ಈ ಪಂಡಿನ ದಾದ?" ಎಂದು ಪ್ರಸಂಗ ಮುಗಿದ ಮೇಲೆ ತುಳುವಿನಲ್ಲಿ ಗದರುವುದೂ ಇತ್ತು. ನಾನು ಕೇಳಿದ್ದೇನು, ನೀನು ಹೇಳಿದ್ದೇನು ಎಂಬ ಆ ಒಂದು ಪ್ರಶ್ನೆಯಲ್ಲಿ ಪ್ರಜಾಪ್ರಭುತ್ವದ ಕುರಿತು ನಾನು ಓದಿದ ಹಲವು ಪುಸ್ತಕಗಳಿಗಿಂತ ಹೆಚ್ಚು ತೂಕವಿತ್ತು ಎಂದು ಇಂದಿಗೂ ನಂಬಿದ್ದೇನೆ.

ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಚರ್ಚೆಗಳನ್ನು ನಾನು ನೋಡಿದ್ದು ಅವರ ಮನೆಯ ಟಿವಿಯಲ್ಲಿ. ಅಲ್ಲಿನ ರಾತ್ರಿ ನಮಗೆ ಬೆಳಗು. ಆಗ ನಾನು ರಾಜ್ಯಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ಚಹಾದ ಲೋಟ ಹಿಡಿದು ನಾವಿಬ್ಬರೂ ಕುಳಿತ ಆ ಬೆಳಿಗ್ಗೆ, ದೇಶದ ಚುಕ್ಕಾಣಿ ಕೇಳಲು ಬಂದ ಇಬ್ಬರು ಹಿರಿಯರು ಗಾಲ್ಫ್ ಆಟದಲ್ಲಿ ಯಾರು ಮೇಲು ಎಂದು ಜಗಳಾಡಿದರು. ಒಬ್ಬರ ಸರದಿಯಲ್ಲಿ ಇನ್ನೊಬ್ಬರ ಮೈಕನ್ನು ಯಂತ್ರವೇ ಮುಚ್ಚುತ್ತದೆ ಎಂದು ನಾನು ವಿವರಿಸಿದಾಗ ಟೀಚರ್ ಲೋಟ ಕೆಳಗಿಟ್ಟರು.

"ಎಂತ ಮಾರಾಯ್ತಿ ಇದು! ಬಾಯಿ ಮುಚ್ಚಿಸ್ಲಿಕ್ಕೆ ಕರೆಂಟು ಬೇಕಾಯ್ತಾ ಅವರಿಗೆ?"

ನಾನು ಉರಿಯುತ್ತಿದ್ದೆ. 1960ರಲ್ಲಿ ಅಲ್ಲಿನ ಟಿವಿಯಲ್ಲಿ ಬಂದ ಮೊದಲ ಅಧ್ಯಕ್ಷೀಯ ಚರ್ಚೆಯ ಕಪ್ಪುಬಿಳುಪು ವಿಡಿಯೊವನ್ನು ಅವರಿಗೆ ತೋರಿಸಿದೆ. ಅಲ್ಲಿ ಇಬ್ಬರು ಅಭ್ಯರ್ಥಿಗಳು ಎದುರಾಳಿಯ ಗುರಿಯನ್ನು ಒಪ್ಪಿ ಅವನ ದಾರಿಯನ್ನು ಪ್ರಶ್ನಿಸುತ್ತಿದ್ದರು. ಒಂದೊಂದು ಉತ್ತರವೂ ಕೊನೆಯವರೆಗೆ ನಡೆಯುತ್ತಿತ್ತು. ಅಲ್ಲಿಂದ ಇಲ್ಲಿಗೆ ಇಳಿದದ್ದು ಹೇಗೆ? ಉತ್ತರ ಕುಗ್ಗಿ ಕುಗ್ಗಿ ಮೊಬೈಲಿನಲ್ಲಿ ಕತ್ತರಿಸಿ ಹಂಚುವಷ್ಟು ತುಂಡಾಯಿತು. ಭಿನ್ನಾಭಿಪ್ರಾಯದ ಜಾಗಕ್ಕೆ ಅಡ್ಡಹೆಸರು ಬಂತು. ಪ್ರಶ್ನೆ ಕೇಳುವ ಪತ್ರಕರ್ತರು ಗಡಿಯಾರದ ಗುಮಾಸ್ತರಾದರು. ಜಗತ್ತಿನ ಅತಿ ಬಲಿಷ್ಠ ಸೇನೆಯನ್ನು ಯಾರ ಕೈಗೆ ಕೊಡಬೇಕೆಂದು ತೀರ್ಮಾನಿಸುವ ಸಂಜೆಯಲ್ಲಿ ಒಂದು ನೇರ ಪ್ರಶ್ನೆಗೆ ಒಂದು ನೇರ ಉತ್ತರ ಸಿಗುವುದಿಲ್ಲವೆಂದರೆ, ಅದರ ಹೊಣೆ ಯಾರದು? ಜಾರಿಕೊಳ್ಳುವವರದು ಮಾತ್ರವಲ್ಲ, ಜಾರಲು ಬಿಟ್ಟವರದೂ ಹೌದು... ಹೀಗೆಲ್ಲ ಅವರ ಜಗಲಿಯಲ್ಲಿ ನಿಂತು ನಾನು ಭಾಷಣ ಮಾಡಿದೆ.

ಟೀಚರ್ ಸುಲಭವಾಗಿ ಒಪ್ಪುವವರಲ್ಲ. ಆ ಹಳೆಯ ಚರ್ಚೆಯಲ್ಲೂ ಜನ ಒಬ್ಬ ಅಭ್ಯರ್ಥಿಯ ಬೆವರಿದ ಮುಖ ನೋಡಿಯೇ ತೀರ್ಪು ಕೊಟ್ಟರೆಂದು ಎಲ್ಲರೂ ಹೇಳುತ್ತಾರಲ್ಲ, ಹಳೆಯದೆಲ್ಲ ಚಿನ್ನವೆಂದು ನಿನಗೆ ಹೇಳಿಕೊಟ್ಟವರು ಯಾರು ಎಂದು ಕೇಳಿದರು. "ಬೈಗುಳ ನಮ್ಮ ತಾಳಮದ್ದಳೆಯಲ್ಲೂ ಉಂಟು. ಆದರೆ ಬೈದವ ಉತ್ತರ ಕೊಡದೆ ಏಳ್ಲಿಕ್ಕಿಲ್ಲ. ಅಲ್ಲಿ ಏಳ್ತಾರೆ. ಅಷ್ಟೇ ವ್ಯತ್ಯಾಸ."

ಆ ವರ್ಷ ಮೂಡುಬಿದಿರೆಯ ನಮ್ಮ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಉಸಿರು ಕೊರಳಿಗೆ ಬಂದಿತ್ತು. ಅದರ ಹಿಂದಿನ ವರ್ಷದ ಅಂತಿಮ ಸುತ್ತು ಕಿರುಚಾಟದಲ್ಲಿ ಮುಗಿದು, ಎದುರಾಳಿಯ ತೊದಲನ್ನು ಅಣಕಿಸಿದವನು ಬಹುಮಾನ ಒಯ್ದಿದ್ದ. ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು ಖಡಾಖಂಡಿತವಾಗಿ ಹೇಳಿದರು: "ಈ ಸಲವೂ ಹಾಗೇ ಆದ್ರೆ ಮುಂದಿನ ವರ್ಷದಿಂದ ಚರ್ಚೆ ನಿಲ್ಲಿಸಿ ರೀಲ್ಸ್ ಸ್ಪರ್ಧೆ ಇಡುವ. ಅದ್ರಲ್ಲಾದ್ರೆ ಗಲಾಟೆ ಅರ್ಧ ನಿಮಿಷಕ್ಕೆ ಮುಗೀತದೆ." ಅವರು ನಗುತ್ತಲೇ ಹೇಳಿದ್ದರು. ನನಗೆ ನಗು ಬರಲಿಲ್ಲ. ವಾದಿಸಲು ಕಲಿಯುವ ಜಾಗವನ್ನು ಕಾಲೇಜೇ ಮುಚ್ಚಿದರೆ, ನಾಳೆ ವಿಧಾನಸಭೆಯಲ್ಲಿ ಕುರ್ಚಿ ಎಸೆಯುವವರನ್ನು ದೂರುವ ಹಕ್ಕು ನಮಗೆ ಎಲ್ಲಿಂದ ಬರುತ್ತದೆ? ಅಂತಿಮ ಸುತ್ತಿನ ವಿಷಯ ಆಗಲೇ ನಿಗದಿಯಾಗಿತ್ತು: ಅಮೆರಿಕದ ಅಧ್ಯಕ್ಷೀಯ ಚರ್ಚೆಯ ಅಣಕು. ಒಂದು ಪಕ್ಷದ ಅಭ್ಯರ್ಥಿ ನಾನು. ಇನ್ನೊಂದು ಪಕ್ಷಕ್ಕೆ ಬೆಳ್ತಂಗಡಿ ಕಡೆಯ ಸಹಪಾಠಿ. ಅವನ ಅನುಕರಣೆಗೆ ಇಡೀ ಕಾಲೇಜು ಬಿದ್ದು ಬಿದ್ದು ನಗುತ್ತಿತ್ತು. ಈ ಸುತ್ತು ಎಲ್ಲಿ ಮುಗಿಯುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆ ಸಂಜೆಯೇ ಟೀಚರ ಮನೆಗೆ ಹೋಗಿ, ಚರ್ಚೆ ನಡೆಸಿಕೊಡಬೇಕು, ಇಲ್ಲವಾದರೆ ಚರ್ಚಾಸ್ಪರ್ಧೆಯ ಕತೆ ಮುಗಿದಂತೆ ಎಂದೆ.

"ಬರ್ತೇನೆ. ಜಾಗಟೆ ತರ್ತೇನೆ. ಆದರೆ ನೀನು ಆಚೆಮನೆಯವಳು ಅಂತ ನನಗೆ ಆ ಹೊತ್ತಿಗೆ ಗೊತ್ತಿರುವುದಿಲ್ಲ, ಆಯ್ತಾ?"

ಆಯ್ತು ಎಂದೆ. ಅದರ ಅರ್ಥ ನನಗಾಗ ಪೂರ್ತಿ ಹೊಳೆದಿರಲಿಲ್ಲ.

ಆ ದಿನ ಸಭಾಂಗಣ ತುಂಬಿತ್ತು. ಟೀಚರ್ ಹಸಿರು ಸೀರೆಯುಟ್ಟು ವೇದಿಕೆಯ ನಡುವೆ ಕುಳಿತಿದ್ದರು; ಒಂದು ಬದಿಗೆ ಅವನು, ಇನ್ನೊಂದು ಬದಿಗೆ ನಾನು. ಪ್ರಶ್ನೆ ಒಂದೇ. ಅದನ್ನು ಅವರೇ ಪದ್ಯವಾಗಿ ಕಟ್ಟಿದ್ದರು. ಔಷಧಿಯ ಬೆಲೆ ತೆರಲಾಗದೆ ಮಾತ್ರೆಯನ್ನು ಅರ್ಧ ಮುರಿದು ನುಂಗುವ ಅಮೆರಿಕದ ಮುದುಕಿಯೊಬ್ಬಳ ಪರವಾಗಿ ಅವರು ದನಿ ಎತ್ತಿದರು:

"ಅರೆಗುಳಿಗೆ ನುಂಗುತ್ತ ದಿನ ಕಳೆವ ಮುದುಕಿಗೆ
ದೊರೆಯೆ ನೀನೇನ ಕೊಡುವೆ ಪೇಳು..."

ಹಾಡು ಶುರುವಾದದ್ದೇ ತಡ, ಪ್ರಾರ್ಥನೆಯೆಂದು ತಿಳಿದು ಅರ್ಧ ಸಭೆ ಎದ್ದು ನಿಂತಿತು. ಮುಂದಿನ ಸಾಲಿನಲ್ಲಿ ವಿಭಾಗದ ಮುಖ್ಯಸ್ಥರೂ ಕೈಕಟ್ಟಿ ನಿಂತರು. ಟೀಚರ್ ಪದ್ಯ ಮುಗಿಸಿ, "ಕೂತ್ಕೊಳ್ಳಿ, ಇದು ದೇವರಿಗೆ ಕೇಳಿದ್ದಲ್ಲ, ಇವರಿಗೆ ಕೇಳಿದ್ದು" ಎಂದರು. ನಗುವಿನ ನಡುವೆ ಎಲ್ಲರೂ ಕುಳಿತರು.

ಬೆಳ್ತಂಗಡಿಯವನು ಎದ್ದ. ಅಮೆರಿಕದ ವೇದಿಕೆಗಳಲ್ಲಿ ಎಲ್ಲರೂ ನೋಡಿದ ಆ ಕೈಬೀಸು, ಆ ತುಟಿಯ ಓರೆ, ಎಲ್ಲವೂ ಬಂತು. "ಓಹೋ, ಸಿದ್ಧಕಟ್ಟೆಯ ಸಿದ್ಧಾಂತಿ! ಇವರ ಭಾಷಣ ಕೇಳಿದ್ರೆ ಅಮೆರಿಕದವರಿಗೆ ನಿದ್ರೆ ಮಾತ್ರೆಯೇ ಬೇಡ ಮಾರಾಯ್ರೆ. ಔಷಧಿ ಖರ್ಚು ಅಲ್ಲೇ ಉಳೀತು!" ಸಭಾಂಗಣ ಸಿಡಿಯಿತು. ಶಿಳ್ಳೆಗಳು ನಿಲ್ಲಲಿಲ್ಲ. ಕಳೆದ ವರ್ಷದ್ದೇ ಮತ್ತೆ ಶುರುವಾಯಿತೆಂದುಕೊಂಡೆ. ಆಗ ಜಾಗಟೆಯ ಒಂದು ಪೆಟ್ಟು. ಅರೆಗುಳಿಗೆ ನುಂಗುತ್ತ ದಿನ ಕಳೆವ ಮುದುಕಿಗೆ... ಅದೇ ರಾಗ, ಅದೇ ನಿಧಾನ.

"ಟೀಚರ್, ನಾನು ಮಾತಾಡ್ತಾ ಇದ್ದೆನಲ್ಲ?"

"ಹೌದು ಮಗಾ, ಚೆಂದ ನಗಾಡಿಸಿದೆ. ಇನ್ನು ಉತ್ತರ ಹೇಳುವ."

ಅವನು ವಲಸಿಗರ ಕಡೆ ಜಾರಿದ. ಜಾಗಟೆ. ಹಿಂದಿನ ಸರಕಾರದ ಕಡೆ ಜಾರಿದ. ಮತ್ತೆ ಜಾಗಟೆ. ಸಭೆಯ ನಗು ನಿಂತಿರಲಿಲ್ಲ, ಆದರೆ ಅದು ದಿಕ್ಕು ಬದಲಿಸಿತ್ತು; ಈಗ ಅವನ ಮಾತಿಗೆ ಯಾರೂ ನಗುತ್ತಿರಲಿಲ್ಲ, ಅವನು ತಪ್ಪಿಸಿಕೊಳ್ಳುವುದಕ್ಕೆ ನಗುತ್ತಿದ್ದರು. ಅವನು ಕುಳಿತ.

ನಾನು ಗೆದ್ದೆ ಎಂದುಕೊಂಡೇ ಎದ್ದೆ. ಸಂವಿಧಾನ, ವಿಮೆಯ ಇತಿಹಾಸ, ಔಷಧಿ ಕಂಪೆನಿಗಳ ಲಾಭಕೋರತನ—ಎಲ್ಲವನ್ನೂ ಒಂದು ದಾರದಲ್ಲಿ ಪೋಣಿಸಿದೆ. ನನ್ನ ವಾಕ್ಯಗಳು ಎಷ್ಟು ಸುಂದರವಾಗಿದ್ದವೆಂದರೆ ನನಗೇ ಮೆಚ್ಚುಗೆಯಾಯಿತು. ಅವುಗಳ ನಡುವೆ ಜಾಗಟೆ ಬಿತ್ತು.

ನಾನು ಟೀಚರ ಮುಖ ನೋಡಿದೆ. ಆಚೆಮನೆಯವಳನ್ನು ಗುರುತಿಸಿದ ಒಂದು ಗೆರೆಯೂ ಅಲ್ಲಿರಲಿಲ್ಲ. ಅವರು ಪದ್ಯವನ್ನು ಕೊನೆಯವರೆಗೆ ಹಾಡಿದರು. ನಾನು ಆರೋಗ್ಯದ ಹಕ್ಕಿನ ಕುರಿತು ಇನ್ನೊಂದು ಸುಂದರ ವಾಕ್ಯ ತೆಗೆದೆ. ಇನ್ನೊಂದು ಪೆಟ್ಟು. ಬೆಳ್ತಂಗಡಿಯವನು ಈಗ ಮುಸಿಮುಸಿ ನಗುತ್ತಿದ್ದ. ಮುದುಕಿಗೆ ಏನು ಕೊಡುತ್ತೇನೆ? ನನ್ನ ಪಕ್ಷದ್ದೆಂದು ನಾನೇ ಬರೆದುಕೊಂಡ ಯೋಜನೆಯನ್ನು ಮನಸ್ಸಿನಲ್ಲೇ ತಿರುವಿ ಹಾಕಿದೆ. ಅವಳಿಗೆ ಅದರಲ್ಲಿ ಏನಿತ್ತು?

"ಮೊದಲ ವರ್ಷ ಏನೂ ಕೊಡಲಾಗುವುದಿಲ್ಲ," ಎಂದೆ. "ಕಾನೂನು ತರಲು ಅಷ್ಟು ಕಾಲ ಬೇಕು. ಎರಡನೆಯ ವರ್ಷದಿಂದ ಅವಳ ಮಾತ್ರೆಯ ಬೆಲೆಗೆ ಮಿತಿ ಹಾಕುತ್ತೇನೆ. ಅಷ್ಟರವರೆಗೆ ಅವಳು ಮಾತ್ರೆ ಮುರಿಯುತ್ತಲೇ ಇರುತ್ತಾಳೆ. ಅದನ್ನು ಮುಚ್ಚಿಟ್ಟು ಮತ ಕೇಳುವುದಿಲ್ಲ."

ಜಾಗಟೆ ಸುಮ್ಮನಿತ್ತು.

ಬೆಳ್ತಂಗಡಿಯವನಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. ನನ್ನನ್ನು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಅವನು ಎದ್ದು ನಿಂತ, ಕೈ ಎತ್ತಿದ, ಇಳಿಸಿದ. ಅನುಕರಣೆಯ ಸ್ವರ ಬಿಟ್ಟು ತನ್ನ ಸ್ವರದಲ್ಲಿ ಹೇಳಿದ: "ನನ್ನ ಅಜ್ಜಿ ಕೊಕ್ಕಡದಲ್ಲಿದ್ದಾರೆ. ಬಿಪಿ ಮಾತ್ರೆ ಅರ್ಧ ಮಾಡಿಯೇ ತಿನ್ನುವುದು. ಕೇಳಿದ್ರೆ, ಇಡೀ ತಿಂದ್ರೆ ತಲೆ ತಿರುಗ್ತದೆ ಅಂತ ಸುಳ್ಳು ಹೇಳ್ತಾರೆ. ಎರಡನೇ ವರ್ಷದವರೆಗೆ ಅವರು ಕಾಯ್ಲಿಕ್ಕಿಲ್ಲ." ಆಮೇಲೆ ಅವನು ಅಮೆರಿಕದ ಅಭ್ಯರ್ಥಿಯಾಗಿಯೇ ಮುಂದುವರಿದ. ಕಾನೂನು ಬರುವವರೆಗೆ ಸರಕಾರವೇ ಔಷಧಿ ಕೊಂಡು ಹಂಚಬೇಕು, ಅದಕ್ಕೆ ತನ್ನ ಪಕ್ಷ ಮಾತು ಕೊಟ್ಟ ತೆರಿಗೆ ಕಡಿತವನ್ನು ಮುಂದೂಡಬೇಕು, ತನ್ನವರೇ ತನ್ನನ್ನು ಬೈಯುತ್ತಾರೆ, ಬೈಯಲಿ ಎಂದ. ನಾನು ತಿರುಗಿ ಕೇಳಿದೆ, ಅವನು ಉತ್ತರಿಸಿದ. ಅವನು ಕೇಳಿದ, ನಾನು ಉತ್ತರಿಸಿದೆ. ಟೀಚರ್ ಜಾಗಟೆಯ ಕೋಲನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತ ಕುಳಿತಿದ್ದರು. ಅಮೆರಿಕದ ವೇದಿಕೆಯಲ್ಲಿ ಕಾಣಲು ನಾನು ಹಂಬಲಿಸಿದ ಚರ್ಚೆ ಮೂಡುಬಿದಿರೆಯಲ್ಲಿ, ಒಂದು ಜಾಗಟೆಯ ಮುಂದೆ, ನಮ್ಮಿಬ್ಬರ ಬಾಯಿಂದ ನಡೆಯುತ್ತಿತ್ತು!

ಬಹುಮಾನ ಅವನಿಗೆ ಬಂತು. ಬರಬೇಕಾದ್ದೇ, ಅವನ ಉತ್ತರ ನನ್ನದಕ್ಕಿಂತ ಮೇಲಿತ್ತು. ಮುಖ್ಯಸ್ಥರು ಮೈಕ್ ಹಿಡಿದು, ಚರ್ಚಾಸ್ಪರ್ಧೆ ಮುಂದಿನ ವರ್ಷವೂ ಉಂಟು, ಅದರ ಮುಂದಿನ ವರ್ಷವೂ ಉಂಟು ಎಂದು ಘೋಷಿಸಿದಾಗ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ಸೋತ ನಾನೇ.

ವಾಪಸು ಬರುವಾಗ ಬಸ್ಸಿನಲ್ಲಿ ಟೀಚರ್ ಕೇಳಿದರು: "ನಿನಗೂ ಜಾಗಟೆ ಬಾರಿಸಿದೆ. ಕೋಪ ಉಂಟಾ?"

"ಉಂಟು."

"ಇರ್ಲಿ. ಕೋಪ ಇದ್ರೆ ಮರೆಯುವುದಿಲ್ಲ."

ಮರುವರ್ಷ ಅವರ ಗಂಟಲಿಗೇ ಕಾಯಿಲೆ ಬಂತು. ಕೊನೆಯ ತಿಂಗಳುಗಳಲ್ಲಿ ಸ್ವರ ಪೂರ್ತಿ ಹೋಗಿತ್ತು. ಒಂದು ಮಧ್ಯಾಹ್ನ ನೋಡಲು ಹೋದಾಗ ಗಾಳಿಯಲ್ಲಿ ಬೆರಳಾಡಿಸಿ, ಸಂಶೋಧನಾ ಪ್ರಬಂಧ ಬರೆಯುತ್ತಿದ್ದೀಯಾ ಎಂದು ಸನ್ನೆಯಲ್ಲೇ ಕೇಳಿದರು. ನಾನು ಗ್ರಂಥಾಲಯದ ಕುರಿತು, ಮಾರ್ಗದರ್ಶಕರ ಕುರಿತು, ಮಳೆಯ ಕುರಿತು ಮಾತಾಡಿದೆ. ಅವರು ಮಂಚದ ಕಬ್ಬಿಣದ ಅಂಚಿಗೆ ಬೆರಳಿನಿಂದ ಒಮ್ಮೆ ತಟ್ಟಿದರು... ಆ ಸಣ್ಣ ಸದ್ದಿನ ಮುಂದೆ ನಾನು ನಗುತ್ತ ನಗುತ್ತ ಅತ್ತುಬಿಟ್ಟೆ. ಆ ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು.

ಈಗ ನಾನು ಊರೂರಿಗೆ ಹೋಗಿ ಮಾತಾಡುತ್ತೇನೆ. ಕಳೆದ ತಿಂಗಳು ಬೆಳ್ತಂಗಡಿಯಲ್ಲಿ ವಿದ್ಯಾರ್ಥಿಗಳ ಮುಂದೆ ಅಮೆರಿಕದ ಚುನಾವಣಾ ಚರ್ಚೆಗಳ ಅಧಃಪತನವನ್ನು ಒಂದು ತಾಸು ಬಿಡಿಸಿಟ್ಟೆ. ಕೊನೆಗೆ ಉದ್ದ ಜಡೆಯ ಹುಡುಗಿಯೊಬ್ಬಳು ಎದ್ದಳು. "ಮೇಡಂ, ಅಮೆರಿಕದವರನ್ನು ಬೈದದ್ದಾಯ್ತು. ನಿಮ್ಮ ಪಂಚಾಯತ್‌ಗೆ ನಿಲ್ಲುವವರನ್ನು ಒಂದು ವೇದಿಕೆಗೆ ಕರೆಸಿ ನೀವು ಪ್ರಶ್ನೆ ಕೇಳಿದ್ದುಂಟಾ?"

ಮಾಧ್ಯಮಗಳ ಹೊಣೆಗಾರಿಕೆಯ ಕುರಿತು ನಾನು ಹೇಳತೊಡಗಿದೆ. ಅವಳು ಕುಳಿತಿರಲಿಲ್ಲ. ನನ್ನ ಮಾತು ಮುಗಿಯುವುದನ್ನೇ ಕಾದು, ಅದೇ ಪ್ರಶ್ನೆಯನ್ನು ಅದೇ ಶಬ್ದಗಳಲ್ಲಿ, ಒಂದಿಷ್ಟೂ ಅವಸರವಿಲ್ಲದೆ ಮತ್ತೆ ಕೇಳಿದಳು.

ಆ ಹುಡುಗಿಗೆ ನಮ್ಮ ಟೀಚರ್ ಯಾರೆಂದು ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಅವರ ಸ್ವರವನ್ನು ಇನ್ನು ಯಾವ ಸಭೆಯಲ್ಲೂ ನಾನು ಕೇಳಲಾರೆ, ಅದು ಹೋಯಿತು. ಆದರೆ ಅವರು ಯಾವುದಕ್ಕಾಗಿ ಕುಳಿತು ಹಾಡುತ್ತಿದ್ದರೋ ಅದು ಅವರನ್ನು ಕಾಣದವಳ ಬಾಯಲ್ಲೂ ಹುಟ್ಟುತ್ತದೆ.

"ಇಲ್ಲ," ಎಂದೆ. "ಕೇಳಿಲ್ಲ. ಈ ಸಲ ಕೇಳುವ."

ಚಪ್ಪಾಳೆ ಬಿತ್ತು, ನನಗಲ್ಲ, ಅವಳಿಗೆ. ಸಿದ್ಧಕಟ್ಟೆಯಲ್ಲಿ ಸಭೆಗೆ ಜಾಗ ನಿಗದಿಯಾಗಿದೆ. ಪಂಚಾಯತ್ ಚುನಾವಣೆಗೆ ನಿಲ್ಲುವ ಪ್ರತಿಯೊಬ್ಬರಿಗೂ ಕರೆ ಹೋಗುತ್ತದೆ, ಬರದವರ ಖಾಲಿ ಕುರ್ಚಿಯನ್ನು ವೇದಿಕೆಯಿಂದ ಯಾರೂ ತೆಗೆಯುವುದಿಲ್ಲ. ಪ್ರಶ್ನೆ ಕೇಳುವವಳು ಆ ಉದ್ದ ಜಡೆಯವಳು. ಕುರ್ಚಿ ಹಾಕುವ ಕೆಲಸ ನನ್ನದು.